ಅಲ್ಟ್ರಾ ವೈಡ್‌ಬ್ಯಾಂಡ್ ನಿಸ್ತಂತು ಸಂವಹನ

ಅಲ್ಟ್ರಾ ವೈಡ್‌ಬ್ಯಾಂಡ್ ಎಂಬುದು ಬಹಳ ಕಡಿಮೆ ಶಕ್ತಿಯ ರೇಡಿಯೊ ಸಂಕೇತವನ್ನು ಬಹಳ ವಿಶಾಲವಾದ ಕಂಪನಾಂಕ ವ್ಯಾಪ್ತಿಯ ಮೇಲೆ ಹರಡಿ ಕಳುಹಿಸುವ ನಿಸ್ತಂತು ತಂತ್ರಜ್ಞಾನ. ಇದನ್ನು ಸಂಕ್ಷಿಪ್ತವಾಗಿ ಯುಡಬ್ಲ್ಯುಬಿ ಎಂದು ಕರೆಯುತ್ತಾರೆ. ಸಂಕೇತದ ವ್ಯಾಪ್ತಿ ವಿಶಾಲವಾಗಿರುವುದರಿಂದ ಅದರ ಪಲ್ಸ್‌ಗಳು ಒಂದೆರಡು ನ್ಯಾನೊಸೆಕೆಂಡುಗಳಷ್ಟು ಕಿರಿದಾಗಿರಬಲ್ಲವು. ಒಂದು ನ್ಯಾನೊಸೆಕೆಂಡು ಎಂದರೆ ಒಂದು ಸೆಕೆಂಡಿನ ನೂರು ಕೋಟಿಯ ಒಂದು ಭಾಗ. ಅಷ್ಟು ಹೊತ್ತಿನಲ್ಲಿ ರೇಡಿಯೊ ತರಂಗವು ಗಾಳಿಯಲ್ಲಿ ಸುಮಾರು 30 ಸೆಂಟಿಮೀಟರ್ ಸಾಗುತ್ತದೆ. ಆದ್ದರಿಂದ ಸಂಕೇತವು ತಲುಪಿದ ಕ್ಷಣವನ್ನು ಗುರುತಿಸಿ, ಕಳುಹಿಸಿದ ಸಾಧನವು ಎಷ್ಟು ದೂರದಲ್ಲಿದೆ ಎಂಬುದನ್ನು ಕೆಲವೇ ಸೆಂಟಿಮೀಟರುಗಳ ಅಂತರದೊಳಗೆ ಹೇಳಲು ಸಾಧ್ಯವಾಗುತ್ತದೆ. ಮೊಬೈಲ್ ಫೋನ್, ಕಾರಿನ ಬೀಗ, ಕಳೆದ ವಸ್ತುವನ್ನು ಹುಡುಕುವ ಬಿಲ್ಲೆ, ಗೋಡೆಯಾಚೆಗಿನದನ್ನು ಕಾಣುವ ರಾಡಾರ್, ನೆಲದೊಳಗಿನದನ್ನು ಶೋಧಿಸುವ ರಾಡಾರ್ ಇವೆಲ್ಲವೂ ಈ ಒಂದೇ ತತ್ತ್ವವನ್ನು ಆಧರಿಸಿವೆ.

ವ್ಯಾಖ್ಯೆ

ರೇಡಿಯೊ ತರಂಗವು ಒಂದು ಸೆಕೆಂಡಿನಲ್ಲಿ ಎಷ್ಟು ಬಾರಿ ಕಂಪಿಸುತ್ತದೆಯೋ ಅದು ಅದರ ಕಂಪನಾಂಕ. ಶಾಲಾ ಪಠ್ಯಗಳಲ್ಲಿ ಇದಕ್ಕೆ ಆವೃತ್ತಿ ಎಂಬ ಪದವೂ ಬಳಕೆಯಲ್ಲಿದೆ. ಇದರ ಮಾನ ಹರ್ಟ್ಸ್. ಹತ್ತು ಲಕ್ಷ ಹರ್ಟ್ಸ್ ಸೇರಿದರೆ ಒಂದು ಮೆಗಾಹರ್ಟ್ಸ್, ಸಾವಿರ ಮೆಗಾಹರ್ಟ್ಸ್ ಸೇರಿದರೆ ಒಂದು ಗಿಗಾಹರ್ಟ್ಸ್. ಒಂದು ಸಂಕೇತವು ಆಕ್ರಮಿಸುವ ಕಂಪನಾಂಕಗಳ ವ್ಯಾಪ್ತಿಗೆ ಬ್ಯಾಂಡ್‌ವಿಡ್ತ್ ಎಂದು ಹೆಸರು.

ಅಮೆರಿಕದ ಫೆಡರಲ್ ಸಂವಹನ ಆಯೋಗವು 2002ರಲ್ಲಿ ನೀಡಿದ ವ್ಯಾಖ್ಯೆಯ ಪ್ರಕಾರ, ಬ್ಯಾಂಡ್‌ವಿಡ್ತ್ 500 ಮೆಗಾಹರ್ಟ್ಸ್ ಅಥವಾ ಅದಕ್ಕಿಂತ ಹೆಚ್ಚಿರುವ, ಇಲ್ಲವೇ ತನ್ನ ನಡುಗಂಪನಾಂಕದ ಶೇಕಡಾ 20ರಷ್ಟಾದರೂ ಅಗಲವಿರುವ ಸಂಕೇತವು ಅಲ್ಟ್ರಾ ವೈಡ್‌ಬ್ಯಾಂಡ್ ಎನಿಸುತ್ತದೆ. ಎರಡನೆಯ ನಿಬಂಧನೆಗೆ ಒಂದು ಉದಾಹರಣೆ: 200ರಿಂದ 600 ಮೆಗಾಹರ್ಟ್ಸ್‌ವರೆಗೆ ಹರಡಿದ ಸಂಕೇತದ ಅಗಲ 400 ಮೆಗಾಹರ್ಟ್ಸ್ ಮಾತ್ರ. ಆದರೆ ಅದರ ನಡುಗಂಪನಾಂಕವೂ 400 ಮೆಗಾಹರ್ಟ್ಸ್ ಆಗಿರುವುದರಿಂದ ಅಗಲವು ಶೇಕಡಾ 100 ಆಗುತ್ತದೆ. ಆದ್ದರಿಂದ ಅದೂ ಈ ವರ್ಗಕ್ಕೆ ಸೇರುತ್ತದೆ.

500 ಮೆಗಾಹರ್ಟ್ಸ್ ಎಷ್ಟು ವಿಶಾಲ ಎಂಬುದನ್ನು ಪರಿಚಿತವಾದ ಎಫ್‌ಎಂ ಬಾನುಲಿಯೊಡನೆ ಹೋಲಿಸಿ ತಿಳಿಯಬಹುದು. ಮಡಿಕೇರಿ ಆಕಾಶವಾಣಿಯು 103.1 ಮೆಗಾಹರ್ಟ್ಸ್‌ನಲ್ಲಿ ಪ್ರಸಾರವಾಗುತ್ತದೆ. ಅಂಥ ಒಂದು ಕೇಂದ್ರಕ್ಕೆ ಸುಮಾರು 0.2 ಮೆಗಾಹರ್ಟ್ಸ್ ಅಗಲ ಸಾಕು. 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಇಡೀ ಎಫ್‌ಎಂ ಪಟ್ಟಿಯ ಅಗಲ 20 ಮೆಗಾಹರ್ಟ್ಸ್. ಅಂದರೆ 500 ಮೆಗಾಹರ್ಟ್ಸ್‌ನ ಯುಡಬ್ಲ್ಯುಬಿ ಸಂಕೇತವು ಎಫ್‌ಎಂ ಪಟ್ಟಿಯ 25 ಪಟ್ಟು ಅಗಲವಾಗಿರುತ್ತದೆ.

ಇತಿಹಾಸ

ರೇಡಿಯೊ ವಿಜ್ಞಾನವು ಹುಟ್ಟಿದ್ದೇ ವಿಶಾಲ ವ್ಯಾಪ್ತಿಯ ಸಂಕೇತಗಳಿಂದ. 1887ರ ಸುಮಾರಿಗೆ ಜರ್ಮನಿಯ ಹೈನ್‌ರಿಶ್ ಹರ್ಟ್ಸ್ ವಿದ್ಯುತ್ ಕಿಡಿಯಿಂದ ರೇಡಿಯೊ ತರಂಗಗಳನ್ನು ಉಂಟುಮಾಡಿದರು. ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು 1895ರಲ್ಲಿ ನಡೆಸಿದ ಸಾರ್ವಜನಿಕ ಪ್ರದರ್ಶನದಲ್ಲಿ ಗೋಡೆಗಳ ಆಚೆಗಿದ್ದ ಗಂಟೆಯನ್ನು ಅದೃಶ್ಯ ತರಂಗಗಳಿಂದ ಬಾರಿಸಿ ತೋರಿಸಿದರು. 1901ರಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತ ಕಳುಹಿಸಿದ್ದೂ ಕಿಡಿ ಪ್ರೇಷಕದಿಂದಲೇ. ಕಿಡಿಯು ಕ್ಷಣಮಾತ್ರದ್ದಾದುದರಿಂದ ಅದರ ಶಕ್ತಿ ಅನೇಕ ಕಂಪನಾಂಕಗಳಲ್ಲಿ ಚದುರುತ್ತಿತ್ತು. ನಿಲ್ದಾಣಗಳ ಸಂಖ್ಯೆ ಹೆಚ್ಚಿದಂತೆ ಒಂದರ ಸಂಕೇತ ಮತ್ತೊಂದಕ್ಕೆ ಅಡ್ಡಿಯಾಗತೊಡಗಿತು. ಪ್ರತಿಯೊಬ್ಬರಿಗೂ ಕಿರಿದಾದ ಒಂದು ಕಂಪನಾಂಕವನ್ನು ಗೊತ್ತುಪಡಿಸುವ ಪದ್ಧತಿ ನೆಲೆಗೊಂಡ ಮೇಲೆ, 1920ರ ದಶಕದ ಕೊನೆಯ ವೇಳೆಗೆ ಕಿಡಿ ಪ್ರೇಷಕಗಳ ಮೇಲೆ ಅಂತಾರಾಷ್ಟ್ರೀಯ ನಿರ್ಬಂಧಗಳು ಬಂದವು.

1960ರ ದಶಕದಲ್ಲಿ ಅತಿ ಕಿರಿದಾದ ಪಲ್ಸ್‌ಗಳನ್ನು ಉಂಟುಮಾಡುವ ಮತ್ತು ಅಳೆಯುವ ಉಪಕರಣಗಳು ದೊರೆತಾಗ ಈ ಕ್ಷೇತ್ರಕ್ಕೆ ಮರುಜೀವ ಬಂತು. ಜೆರಾಲ್ಡ್ ರಾಸ್, ಹೆನಿಂಗ್ ಹಾರ್ಮುತ್ ಮೊದಲಾದವರು ಇದಕ್ಕೆ ತಳಹದಿ ಹಾಕಿದರು. ಪಲ್ಸ್‌ಗಳ ಮೂಲಕ ಸಂವಹನ ನಡೆಸುವ ವಿಧಾನಕ್ಕೆ ರಾಸ್ ಅವರಿಗೆ 1973ರಲ್ಲಿ ಪೇಟೆಂಟ್ ದೊರೆಯಿತು. ‘ಅಲ್ಟ್ರಾ ವೈಡ್‌ಬ್ಯಾಂಡ್’ ಎಂಬ ಹೆಸರು ರೂಢಿಗೆ ಬಂದದ್ದು 1989ರ ಸುಮಾರಿಗೆ. ಅದುವರೆಗೆ ಹೆಚ್ಚಾಗಿ ಸೇನೆಯ ರಾಡಾರುಗಳಿಗೆ ಸೀಮಿತವಾಗಿದ್ದ ಈ ವಿದ್ಯೆಯನ್ನು ಅನೇಕ ಬಳಕೆದಾರರ ಸಂವಹನಕ್ಕೆ ಅಳವಡಿಸುವ ಕ್ರಮವನ್ನು 1993ರಲ್ಲಿ ರಾಬರ್ಟ್ ಷೋಲ್ಟ್ಸ್ ನಿರೂಪಿಸಿದರು. 2002ರ ಫೆಬ್ರವರಿಯಲ್ಲಿ ಅಮೆರಿಕವು 3.1ರಿಂದ 10.6 ಗಿಗಾಹರ್ಟ್ಸ್‌ವರೆಗಿನ ವ್ಯಾಪ್ತಿಯನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು.

ಮೊದಲ ವರ್ಷಗಳಲ್ಲಿ ಎಲ್ಲರ ಗಮನವಿದ್ದುದು ವೇಗದ ದತ್ತಾಂಶ ರವಾನೆಯ ಮೇಲೆ. ಕಂಪ್ಯೂಟರಿನ ಯುಎಸ್‌ಬಿ ತಂತಿಯನ್ನು ಇಲ್ಲವಾಗಿಸುವುದು ಆಗಿನ ಗುರಿ. ಆದರೆ ಎರಡು ತಾಂತ್ರಿಕ ಪಂಥಗಳ ನಡುವೆ ಒಮ್ಮತ ಮೂಡಲಿಲ್ಲ. ಮಾನಕ ರೂಪಿಸಲು ನೇಮಕವಾಗಿದ್ದ ಐಇಇಇ ಕಾರ್ಯತಂಡವು 2006ರಲ್ಲಿ ವಿಸರ್ಜನೆಗೊಂಡಿತು. ಅಷ್ಟರಲ್ಲಿ ವೈಫೈ ವೇಗವೂ ಹೆಚ್ಚಿತು. ತಂತ್ರಜ್ಞಾನವು ಉಳಿದುಕೊಂಡದ್ದು ದೂರವನ್ನು ಅಳೆಯುವ ಸಾಮರ್ಥ್ಯದಿಂದ. 2007ರ ಐಇಇಇ 802.15.4ಎ ಮಾನಕವು ಅದಕ್ಕೆ ಆಧಾರವಾಯಿತು. 2019ರಲ್ಲಿ ಐಫೋನ್ 11ರಲ್ಲಿ ಯುಡಬ್ಲ್ಯುಬಿ ಚಿಪ್ ಸೇರಿತು. 2020ರಲ್ಲಿ ಭದ್ರತೆಯನ್ನು ಹೆಚ್ಚಿಸಿದ 802.15.4ಝಡ್ ಮಾನಕ ಪ್ರಕಟವಾಯಿತು.

ಮೂಲತತ್ತ್ವ

ಕಾಲದಲ್ಲಿ ಕಿರಿದಾದುದು ಕಂಪನಾಂಕದಲ್ಲಿ ಅಗಲವಾಗಿರುತ್ತದೆ ಎಂಬುದು ಎಲ್ಲ ತರಂಗಗಳಿಗೂ ಅನ್ವಯಿಸುವ ನಿಯಮ. ಕೊಳಲಿನ ದೀರ್ಘವಾದ ಒಂದು ಸ್ವರವನ್ನು ಕೇಳಿದರೆ ಅದರ ಶ್ರುತಿಯನ್ನು ಹೇಳಬಹುದು. ಚಪ್ಪಾಳೆಯ ಸದ್ದಿಗೆ ನಿರ್ದಿಷ್ಟ ಶ್ರುತಿಯಿಲ್ಲ, ಏಕೆಂದರೆ ಅದರಲ್ಲಿ ಅನೇಕ ಕಂಪನಾಂಕಗಳು ಒಟ್ಟಾಗಿ ಇರುತ್ತವೆ; ಆದರೆ ಅದು ಯಾವ ಕ್ಷಣದಲ್ಲಿ ಕೇಳಿಸಿತು ಎಂಬುದನ್ನು ನಿಖರವಾಗಿ ಹೇಳಬಹುದು. ಬೆಟ್ಟದ ಎದುರು ನಿಂತು ಪ್ರತಿಧ್ವನಿಯಿಂದ ದೂರವನ್ನು ಅಂದಾಜು ಮಾಡಲು ಹಾಡಿಗಿಂತ ಚಪ್ಪಾಳೆಯೇ ಒಳ್ಳೆಯದು. ಪಲ್ಸಿನ ಕಾಲಾವಧಿಯು ಸ್ಥೂಲವಾಗಿ ಬ್ಯಾಂಡ್‌ವಿಡ್ತ್‌ನ ವ್ಯುತ್ಕ್ರಮ. 500 ಮೆಗಾಹರ್ಟ್ಸ್ ಅಗಲಕ್ಕೆ 2 ನ್ಯಾನೊಸೆಕೆಂಡಿನ ಪಲ್ಸ್ ಹೊಂದುತ್ತದೆ. ಗಾಳಿಯಲ್ಲಿ ಅದರ ಉದ್ದ ಸುಮಾರು 60 ಸೆಂಟಿಮೀಟರ್. 20 ಮೆಗಾಹರ್ಟ್ಸ್ ಅಗಲದ ಸಾಮಾನ್ಯ ವೈಫೈ ಸಂಕೇತಕ್ಕೆ ಇದೇ ಲೆಕ್ಕದಲ್ಲಿ 15 ಮೀಟರ್ ಆಗುತ್ತದೆ.

ಕೋಣೆಯೊಳಗೆ ಸಂಕೇತವು ನೇರವಾಗಿಯೂ ಗೋಡೆ, ನೆಲ, ಬೀರುಗಳಿಗೆ ತಾಗಿ ಬಳಸಿಯೂ ಗ್ರಾಹಕವನ್ನು ತಲುಪುತ್ತದೆ. ಸಂಕೇತವು ಉದ್ದವಾಗಿದ್ದರೆ ಈ ಪ್ರತಿಗಳು ಒಂದರ ಮೇಲೊಂದು ಬಿದ್ದು ಕೆಲವೊಮ್ಮೆ ಪರಸ್ಪರ ಅಳಿಸಿಹಾಕುತ್ತವೆ. ಕಿರಿದಾದ ಪಲ್ಸ್‌ಗಳಾದರೆ ಒಂದೊಂದು ಪ್ರತಿಯೂ ಬೇರೆ ಬೇರೆಯಾಗಿ ಬರುತ್ತದೆ. ದೂರ ಅಳೆಯುವ ಗ್ರಾಹಕವು ಮೊದಲು ಬಂದ ಪ್ರತಿಯನ್ನು ಆರಿಸಿಕೊಳ್ಳುತ್ತದೆ, ಏಕೆಂದರೆ ನೇರ ಮಾರ್ಗವೇ ಅತ್ಯಂತ ಚಿಕ್ಕದು. ದತ್ತಾಂಶ ಪಡೆಯುವ ಗ್ರಾಹಕವು ಎಲ್ಲ ಪ್ರತಿಗಳನ್ನೂ ಕಾಲಕ್ಕೆ ತಕ್ಕಂತೆ ಹೊಂದಿಸಿ ಕೂಡಿಸಿಕೊಳ್ಳಬಹುದು. ಇಂಥ ಗ್ರಾಹಕಕ್ಕೆ ರೇಕ್ ಗ್ರಾಹಕವೆಂದು ಹೆಸರು.

ಇಷ್ಟು ವಿಶಾಲವಾದ ವ್ಯಾಪ್ತಿಯಲ್ಲಿ ಬೇರೆಯವರಿಗೆ ಹಂಚಿಕೆಯಾದ ಕಂಪನಾಂಕಗಳೂ ಇರುತ್ತವೆ. ಹಾಗಿದ್ದೂ ಅಡ್ಡಿಯಾಗದಿರಲು ಕಾರಣ ಶಕ್ತಿಯ ಮಿತಿ. ಕೊಡಗಿನ ಶನಿವಾರಸಂತೆಯಂಥ ಊರಿನ ಸಂತೆಯ ದಿನವನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಪ್ರತಿಯೊಬ್ಬ ವ್ಯಾಪಾರಿಯೂ ತನ್ನ ಕಂಠದಲ್ಲಿ ಕೂಗುತ್ತಿರುವಾಗ, ಪಕ್ಕದಲ್ಲಿ ನಿಂತ ಇಬ್ಬರು ಪಿಸುಮಾತಿನಲ್ಲಿ ಮಾತಾಡಿಕೊಂಡರೆ ಯಾರ ವ್ಯಾಪಾರಕ್ಕೂ ತೊಂದರೆಯಾಗದು. ಆ ಪಿಸುಮಾತು ಹತ್ತಿರದವರಿಗಷ್ಟೇ ಕೇಳುತ್ತದೆ ಎಂಬುದೂ ಅಷ್ಟೇ ನಿಜ.

ಗದ್ದಲದ ಅಡಿಯಲ್ಲಿಯೂ ಮಾತು ತಲುಪಬಲ್ಲದು ಎಂಬುದನ್ನು ಕ್ಲಾಡ್ ಷಾನನ್ 1948ರಲ್ಲಿ ನಿರೂಪಿಸಿದ ಸೂತ್ರವು ತೋರಿಸುತ್ತದೆ. ಆ ಸೂತ್ರದಂತೆ ಒಂದು ಸಂವಹನ ಮಾರ್ಗದ ಗರಿಷ್ಠ ವೇಗವು ಬ್ಯಾಂಡ್‌ವಿಡ್ತ್‌ಗೆ ನೇರ ಅನುಪಾತದಲ್ಲಿರುತ್ತದೆ. ಸಂಕೇತ ಮತ್ತು ಗದ್ದಲಗಳ ನಿಷ್ಪತ್ತಿಯೊಡನೆ ಅದು ಲಾಗರಿದಮ್ಮಿನ ಕ್ರಮದಲ್ಲಿ ಮಾತ್ರ ಏರುತ್ತದೆ. 500 ಮೆಗಾಹರ್ಟ್ಸ್ ಅಗಲವಿದ್ದು, ಸಂಕೇತವು ಗದ್ದಲದ ಹತ್ತನೆಯ ಒಂದು ಭಾಗದಷ್ಟೇ ಇದ್ದರೂ, ತಾತ್ತ್ವಿಕವಾಗಿ ಸೆಕೆಂಡಿಗೆ ಸುಮಾರು 69 ಮೆಗಾಬಿಟ್ ಕಳುಹಿಸಬಹುದು.

ಸಂಕೇತವನ್ನು ರೂಪಿಸುವ ವಿಧಾನಗಳು

ಪಲ್ಸ್‌ಗಳಲ್ಲಿ ಮಾಹಿತಿಯನ್ನು ತುಂಬಲು ಮುಖ್ಯವಾಗಿ ಮೂರು ಕ್ರಮಗಳಿವೆ. ಪಲ್ಸ್ ಇದ್ದರೆ 1, ಇಲ್ಲದಿದ್ದರೆ 0 ಎಂದು ಎಣಿಸುವುದು ಮೊದಲನೆಯದು. ಗೊತ್ತಾದ ವೇಳೆಗಿಂತ ಪಲ್ಸ್ ತುಸು ಮೊದಲು ಬಂದರೆ ಒಂದು ಅರ್ಥ, ತುಸು ತಡವಾದರೆ ಇನ್ನೊಂದು ಅರ್ಥ ಎಂಬುದು ಎರಡನೆಯದು. ಪಲ್ಸ್ ನೇರವಾಗಿದೆಯೋ ತಲೆಕೆಳಗಾಗಿದೆಯೋ ಎಂಬುದನ್ನು ನೋಡುವುದು ಮೂರನೆಯದು. ಒಂದೇ ಸ್ಥಳದಲ್ಲಿ ಹಲವರು ಬಳಸುವಾಗ ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಕೇತಾವಳಿ ನೀಡಲಾಗುತ್ತದೆ. ಅದರಂತೆ ಪಲ್ಸ್‌ಗಳ ವೇಳೆ ಅಥವಾ ದಿಕ್ಕು ಬದಲಾಗುತ್ತಿರುತ್ತದೆ. ಆ ಸಂಕೇತಾವಳಿಯನ್ನು ಬಲ್ಲ ಗ್ರಾಹಕವು ಅನೇಕ ಪಲ್ಸ್‌ಗಳನ್ನು ಕೂಡಿಸಿ ದುರ್ಬಲವಾದ ಸಂಕೇತವನ್ನು ಗದ್ದಲದಿಂದ ಮೇಲೆತ್ತುತ್ತದೆ.

ಪಲ್ಸ್‌ಗಳಿಲ್ಲದ ಇನ್ನೊಂದು ಮಾರ್ಗವೂ ಇದೆ. ವ್ಯಾಪ್ತಿಯನ್ನು 528 ಮೆಗಾಹರ್ಟ್ಸ್ ಅಗಲದ 14 ಪಟ್ಟಿಗಳಾಗಿ ವಿಂಗಡಿಸಿ, ಪ್ರತಿಯೊಂದರಲ್ಲೂ ಅನೇಕ ಉಪವಾಹಕ ತರಂಗಗಳನ್ನು ಏಕಕಾಲದಲ್ಲಿ ಕಳುಹಿಸುವುದು ಅದರ ಕ್ರಮ. ನಿಸ್ತಂತು ಯುಎಸ್‌ಬಿಗೆ ಈ ಮಾರ್ಗವನ್ನು ಬಳಸಲಾಗಿತ್ತು. ಇಂದಿನ ಫೋನುಗಳು ಪಲ್ಸ್ ಮಾರ್ಗವನ್ನೇ ಅನುಸರಿಸುತ್ತವೆ. ಅವು ಹೆಚ್ಚಾಗಿ ಬಳಸುವುದು 5ನೆಯ ಮತ್ತು 9ನೆಯ ಚಾನೆಲ್‌ಗಳನ್ನು. ಇವುಗಳ ನಡುಗಂಪನಾಂಕಗಳು ಕ್ರಮವಾಗಿ 6489.6 ಮತ್ತು 7987.2 ಮೆಗಾಹರ್ಟ್ಸ್, ಅಗಲ 499.2 ಮೆಗಾಹರ್ಟ್ಸ್. 

ದೂರವನ್ನು ಅಳೆಯುವ ಕ್ರಮ

ಎರಡು ಸಾಧನಗಳ ಗಡಿಯಾರಗಳು ಒಂದೇ ವೇಳೆಯನ್ನು ತೋರಿಸುವುದಿಲ್ಲ. ಆದ್ದರಿಂದ ಒಂದು ಕಡೆಯಿಂದ ಹೊರಟ ವೇಳೆಯನ್ನೂ ಇನ್ನೊಂದು ಕಡೆ ತಲುಪಿದ ವೇಳೆಯನ್ನೂ ಕಳೆದು ದೂರ ತಿಳಿಯಲಾಗದು. ಇದಕ್ಕೆ ಪರಿಹಾರವಾಗಿ ಸಂಕೇತವನ್ನು ಹೋಗಿಬರುವಂತೆ ಮಾಡುತ್ತಾರೆ. ಫೋನು ಒಂದು ಸಂಕೇತವನ್ನು ಕಳುಹಿಸುತ್ತದೆ. ಬಿಲ್ಲೆಯು ಅದನ್ನು ಪಡೆದು, ಸ್ವಲ್ಪ ಹೊತ್ತಿನ ಮೇಲೆ ಉತ್ತರಿಸುತ್ತದೆ ಮತ್ತು ತಾನು ತೆಗೆದುಕೊಂಡ ಹೊತ್ತನ್ನೂ ತಿಳಿಸುತ್ತದೆ. ಒಟ್ಟು ಕಾಲದಲ್ಲಿ ಬಿಲ್ಲೆ ತೆಗೆದುಕೊಂಡ ಕಾಲವನ್ನು ಕಳೆದು ಅರ್ಧ ಮಾಡಿದರೆ ಒಂದು ದಿಕ್ಕಿನ ಪ್ರಯಾಣದ ಕಾಲ ದೊರೆಯುತ್ತದೆ.

ಉದಾಹರಣೆಗೆ, ಫೋನು ಅಳೆದ ಒಟ್ಟು ಕಾಲ 3,00,040 ನ್ಯಾನೊಸೆಕೆಂಡು, ಬಿಲ್ಲೆಯು ತೆಗೆದುಕೊಂಡ ಕಾಲ 3,00,000 ನ್ಯಾನೊಸೆಕೆಂಡು ಎಂದುಕೊಳ್ಳೋಣ. ವ್ಯತ್ಯಾಸ 40, ಅದರ ಅರ್ಧ 20 ನ್ಯಾನೊಸೆಕೆಂಡು. ನ್ಯಾನೊಸೆಕೆಂಡಿಗೆ 30 ಸೆಂಟಿಮೀಟರಿನಂತೆ ದೂರ 6 ಮೀಟರ್.

ಇಲ್ಲಿ ಒಂದು ತೊಡಕಿದೆ. ಸಾಧನದ ಸ್ಫಟಿಕ ಗಡಿಯಾರವು ಹತ್ತು ಲಕ್ಷಕ್ಕೆ 20ರಷ್ಟು ತಪ್ಪಬಹುದು. 3,00,000 ನ್ಯಾನೊಸೆಕೆಂಡಿನಲ್ಲಿ ಆ ತಪ್ಪು 6 ನ್ಯಾನೊಸೆಕೆಂಡು. ಅರ್ಧ ಮಾಡಿದಾಗ 3. ದೂರದಲ್ಲಿ ಅದು 90 ಸೆಂಟಿಮೀಟರ್ ಆಗುತ್ತದೆ. ಆದ್ದರಿಂದ ಮೂರನೆಯ ಸಂಕೇತವೊಂದನ್ನೂ ಕಳುಹಿಸಿ, ಎರಡೂ ಕಡೆಯಿಂದ ಅಳತೆ ಮಾಡಿ, ಗಡಿಯಾರದ ತಪ್ಪನ್ನು ಬಹುಮಟ್ಟಿಗೆ ನಿವಾರಿಸಲಾಗುತ್ತದೆ. ಸಾಧನದಲ್ಲಿ ಒಂದಕ್ಕಿಂತ ಹೆಚ್ಚು ಆಂಟೆನಾಗಳಿದ್ದರೆ, ಸಂಕೇತವು ಒಂದೊಂದನ್ನು ತಲುಪುವಾಗಿನ ಸೂಕ್ಷ್ಮ ವ್ಯತ್ಯಾಸದಿಂದ ದಿಕ್ಕನ್ನೂ ತಿಳಿಯಬಹುದು.

ಶಕ್ತಿಯ ಮಿತಿ ಮತ್ತು ನಿಯಮಗಳು

2002ರ ಅಮೆರಿಕದ ನಿಯಮದಂತೆ ಪ್ರತಿ ಮೆಗಾಹರ್ಟ್ಸ್‌ಗೆ ಹೊರಸೂಸಬಹುದಾದ ಶಕ್ತಿ −41.3 ಡಿಬಿಎಂ, ಅಂದರೆ ಸುಮಾರು 74 ನ್ಯಾನೊವ್ಯಾಟ್. ಕಂಪ್ಯೂಟರಿನಂಥ ಉಪಕರಣಗಳು ಉದ್ದೇಶವಿಲ್ಲದೆ ಹೊರಸೂಸುವ ತರಂಗಗಳಿಗೂ ಇದೇ ಮಟ್ಟದ ಮಿತಿಯಿದೆ. 500 ಮೆಗಾಹರ್ಟ್ಸ್‌ನ ಸಂಕೇತದ ಒಟ್ಟು ಶಕ್ತಿ ಸುಮಾರು 37 ಮೈಕ್ರೊವ್ಯಾಟ್, 3.1ರಿಂದ 10.6 ಗಿಗಾಹರ್ಟ್ಸ್‌ವರೆಗಿನ ಇಡೀ ವ್ಯಾಪ್ತಿಯನ್ನು ಬಳಸಿದರೂ ಅದು ಅರ್ಧ ಮಿಲಿವ್ಯಾಟ್‌ಗಿಂತ ತುಸುವೇ ಹೆಚ್ಚು. ಉಪಗ್ರಹಗಳಿಂದ ಬರುವ ಜಿಪಿಎಸ್ ಸಂಕೇತವು ಬಹಳ ದುರ್ಬಲವಾದುದರಿಂದ ಅದಿರುವ ಪಟ್ಟಿಯಲ್ಲಿ ಮಿತಿಯನ್ನು ಸುಮಾರು 2500 ಪಟ್ಟು ಕಡಿಮೆ ಮಾಡಲಾಗಿದೆ. ಯುರೋಪಿನಲ್ಲಿ 6ರಿಂದ 8.5 ಗಿಗಾಹರ್ಟ್ಸ್ ಮುಖ್ಯ ವ್ಯಾಪ್ತಿಯಾಗಿದೆ. ಭಾರತದಲ್ಲಿ ರೇಡಿಯೊ ಕಂಪನಾಂಕಗಳ ಹಂಚಿಕೆ ಮತ್ತು ಉಪಕರಣಗಳ ಅನುಮೋದನೆಯನ್ನು ದೂರಸಂಪರ್ಕ ಇಲಾಖೆಯ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗವು ನೋಡಿಕೊಳ್ಳುತ್ತದೆ.

ಉಪಯೋಗಗಳು

ವಸ್ತುಶೋಧ: 2021ರಲ್ಲಿ ಮಾರುಕಟ್ಟೆಗೆ ಬಂದ ಏರ್‌ಟ್ಯಾಗ್‌ನಂಥ ಬಿಲ್ಲೆಗಳನ್ನು ಕೀಲಿಗೊಂಚಲಿಗೋ ಚೀಲಕ್ಕೋ ಕಟ್ಟಿದರೆ, ಹತ್ತಿರದಲ್ಲಿರುವಾಗ ಫೋನು ಅದರ ದೂರವನ್ನೂ ದಿಕ್ಕನ್ನೂ ತೋರಿಸುತ್ತದೆ.

ವಾಹನದ ಬೀಗ: ಕಿಸೆಯಲ್ಲಿ ಕೀಲಿಯಿದ್ದರೆ ತಾನಾಗಿ ತೆರೆಯುವ ಹಳೆಯ ಬಗೆಯ ಕಾರುಗಳಲ್ಲಿ ಒಂದು ದೌರ್ಬಲ್ಯವಿದೆ. ಇಬ್ಬರು ಕಳ್ಳರಲ್ಲಿ ಒಬ್ಬನು ಮನೆಯ ಬಾಗಿಲ ಬಳಿ, ಇನ್ನೊಬ್ಬನು ಕಾರಿನ ಬಳಿ ನಿಂತು ಮನೆಯೊಳಗಿನ ಕೀಲಿಯ ಸಂಕೇತವನ್ನು ಕಾರಿಗೆ ದಾಟಿಸಬಹುದು. ಯುಡಬ್ಲ್ಯುಬಿ ಕೀಲಿಯು ಸಂಕೇತದ ಪ್ರಯಾಣದ ಕಾಲವನ್ನು ಅಳೆಯುತ್ತದೆ. ಸಂಕೇತವನ್ನು ದಾಟಿಸಿದರೆ ಕಾಲ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗದು. ಆದ್ದರಿಂದ ಮೋಸ ಬಯಲಾಗುತ್ತದೆ. ಸುಳ್ಳು ಪಲ್ಸನ್ನು ಮುಂಚಿತವಾಗಿ ಸೇರಿಸುವ ಯತ್ನವನ್ನು ತಡೆಯಲು 802.15.4ಝಡ್ ಮಾನಕದಲ್ಲಿ ಊಹಿಸಲಾಗದ ಗುಪ್ತ ಪಲ್ಸ್ ಸರಣಿಯನ್ನು ಸೇರಿಸಲಾಗಿದೆ.

ಒಳಾಂಗಣ ಸ್ಥಾನನಿರ್ದೇಶನ: ಜಿಪಿಎಸ್ ಸಂಕೇತ ತಲುಪದ ಕಾರ್ಖಾನೆ, ಉಗ್ರಾಣ, ಆಸ್ಪತ್ರೆಗಳಲ್ಲಿ ಗೋಡೆಗಳಿಗೆ ಸ್ಥಿರ ಸಾಧನಗಳನ್ನು ಅಳವಡಿಸಿ, ಚಲಿಸುವ ವಸ್ತುಗಳ ಸ್ಥಾನವನ್ನು ತಿಳಿಯುತ್ತಾರೆ.

ರಾಡಾರ್: ಉಸಿರಾಡುವಾಗ ಎದೆಯು ಕೆಲವು ಮಿಲಿಮೀಟರುಗಳಷ್ಟು ಏರಿಳಿಯುತ್ತದೆ. ಒಂದರ ಹಿಂದೊಂದರಂತೆ ಕಳುಹಿಸಿದ ಪಲ್ಸ್‌ಗಳ ಪ್ರತಿಫಲನವನ್ನು ಹೋಲಿಸಿದರೆ ಈ ಅಲ್ಪ ಚಲನೆಯೂ ಗೋಚರವಾಗುತ್ತದೆ. ಗೋಡೆಯ ಆಚೆಗಿರುವ ವ್ಯಕ್ತಿಯನ್ನು ಕಾಣುವ ‘ದಿವ್ಯಚಕ್ಷು’ ಎಂಬ ರಾಡಾರನ್ನು ಬೆಂಗಳೂರಿನಲ್ಲಿರುವ ರಕ್ಷಣಾ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯ ಎಲೆಕ್ಟ್ರಾನಿಕ್ಸ್ ಮತ್ತು ರಾಡಾರ್ ಅಭಿವೃದ್ಧಿ ಪ್ರಯೋಗಾಲಯವು ರೂಪಿಸಿದೆ.

ಭೂಕುಸಿತ ಮತ್ತು ನೆಲದೊಳಗಿನ ಶೋಧ

ನೆಲದೊಳಗೆ ಇಣುಕುವ ಭೂಭೇದಿ ರಾಡಾರ್ ಇದೇ ಕುಟುಂಬಕ್ಕೆ ಸೇರಿದ ಉಪಕರಣ. ಹೆಚ್ಚಿನ ಕಂಪನಾಂಕಗಳನ್ನು ಮಣ್ಣು ಬೇಗನೆ ಹೀರಿಕೊಳ್ಳುವುದರಿಂದ ಇದರಲ್ಲಿ ಸಾಮಾನ್ಯವಾಗಿ ಕೆಲವು ನೂರು ಮೆಗಾಹರ್ಟ್ಸ್‌ಗಳ ಕೆಳಗಂಪನಾಂಕಗಳನ್ನು ಬಳಸುತ್ತಾರೆ. ಹೂತ ಕೊಳವೆ, ರಸ್ತೆಯಡಿಯ ಪೊಳ್ಳು, ಪುರಾತತ್ತ್ವದ ಅವಶೇಷಗಳನ್ನು ಅರಸುವುದು ಇದರ ನಿತ್ಯದ ಕೆಲಸ. ಮಲೆನಾಡಿನ ಮತ್ತು ಕರಾವಳಿಯ ಜನರಿಗೆ ಇದರ ಹೆಸರು ಪರಿಚಯವಾದದ್ದು ಭೂಕುಸಿತಗಳಿಂದ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ ಮುಂತಾದೆಡೆ ಗುಡ್ಡಗಳು ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗ ಮಣ್ಣಿನಡಿ ಸಿಲುಕಿದವರಿಗಾಗಿ ಮಳೆಯ ನಡುವೆ ಹಲವು ದಿನ ಹುಡುಕಾಟ ನಡೆಯಿತು. 2024ರ ಜುಲೈ 16ರಂದು ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದಾಗ, ಕಾಣೆಯಾದ ಲಾರಿಯನ್ನೂ ಅದರ ಚಾಲಕನನ್ನೂ ಹುಡುಕಲು ಭೂಭೇದಿ ರಾಡಾರನ್ನು ಬಳಸಲಾಯಿತು. ರಸ್ತೆಯ ಮೇಲಿನ ಮಣ್ಣಿನಲ್ಲಿ ಲಾರಿ ದೊರೆಯಲಿಲ್ಲ. ಸೆಪ್ಟೆಂಬರ್ 25ರಂದು ಅದನ್ನು ಪಕ್ಕದ ಗಂಗಾವಳಿ ನದಿಯಿಂದ ಮೇಲೆತ್ತಲಾಯಿತು.

ಇಂಥ ಸ್ಥಳಗಳಲ್ಲಿ ರಾಡಾರಿನ ಮಾತನ್ನು ಎಚ್ಚರದಿಂದ ಓದಬೇಕಾಗುತ್ತದೆ. ತರಂಗದ ವೇಗವು ಮಾಧ್ಯಮವನ್ನು ಅವಲಂಬಿಸಿದೆ. ಅದು ಗಾಳಿಯಲ್ಲಿ ನ್ಯಾನೊಸೆಕೆಂಡಿಗೆ 30 ಸೆಂಟಿಮೀಟರ್ ಸಾಗಿದರೆ, ತಕ್ಕಮಟ್ಟಿಗೆ ಒಣಗಿದ ಮಣ್ಣಿನಲ್ಲಿ ಸುಮಾರು 10, ಚೆನ್ನಾಗಿ ನೆನೆದ ಮಣ್ಣಿನಲ್ಲಿ ಸುಮಾರು 6, ನೀರಿನಲ್ಲಿ ಕೇವಲ 3.3 ಸೆಂಟಿಮೀಟರ್ ಸಾಗುತ್ತದೆ. ಪ್ರತಿಫಲನವು 50 ನ್ಯಾನೊಸೆಕೆಂಡಿನಲ್ಲಿ ಮರಳಿತೆಂದು ಭಾವಿಸೋಣ. ಮಣ್ಣು ಒಣಗಿದೆಯೆಂದು ಎಣಿಸಿದರೆ ವಸ್ತುವು ಎರಡೂವರೆ ಮೀಟರ್ ಆಳದಲ್ಲಿದೆ ಎಂದಾಗುತ್ತದೆ. ನೆನೆದಿದೆಯೆಂದರೆ ಒಂದೂವರೆ ಮೀಟರ್. ಅಗೆಯುವ ಯಂತ್ರದ ಹಲ್ಲು ಎಲ್ಲಿ ನಿಲ್ಲಬೇಕು ಎಂಬುದು ಈ ಒಂದು ಮೀಟರಿನ ವ್ಯತ್ಯಾಸವನ್ನು ಅವಲಂಬಿಸಿರುತ್ತದೆ. ಅಲ್ಲದೆ ನೆನೆದ ಜೇಡಿಮಣ್ಣು ವಿದ್ಯುತ್ತನ್ನು ಹರಿಯಗೊಡುವುದರಿಂದ ಅದು ತರಂಗವನ್ನು ಹೀರಿಕೊಂಡು, ಕಾಣುವ ಆಳವನ್ನು ಬಹಳ ತಗ್ಗಿಸುತ್ತದೆ. ಉಪ್ಪುನೀರಿನಲ್ಲಂತೂ ತರಂಗವು ಬಹುಬೇಗ ನಶಿಸುತ್ತದೆ. ಕುಸಿದ ಗುಡ್ಡದ ಬಂಡೆ, ಮರದ ಬೇರು, ಕಲ್ಲುಗಳಿಂದಲೂ ಪ್ರತಿಫಲನಗಳು ಬರುತ್ತವೆ. ಹೀಗಾಗಿ ರಾಡಾರ್ ಒಂದು ಗುರುತನ್ನು ತೋರಿಸಿದರೆ ಅಲ್ಲಿ ಅಗೆದು ನೋಡಬೇಕು. ಏನನ್ನೂ ತೋರಿಸದಿದ್ದರೆ ಅಲ್ಲಿ ಯಾರೂ ಇಲ್ಲವೆಂದು ತೀರ್ಮಾನಿಸಲಾಗದು.

ಇತಿಮಿತಿಗಳು

ಯುಡಬ್ಲ್ಯುಬಿಯ ಗುಣದೋಷಗಳೆರಡೂ ಒಂದೇ ಮೂಲದಿಂದ ಬಂದವು. ಶಕ್ತಿಯು ಅಲ್ಪವಾದುದರಿಂದ ಇತರರಿಗೆ ಅಡ್ಡಿಯಿಲ್ಲ. ಅದೇ ಕಾರಣಕ್ಕೆ ಫೋನುಗಳಲ್ಲಿ ಇದರ ಬಳಕೆಯ ದೂರ ಸಾಮಾನ್ಯವಾಗಿ ಕೆಲವು ಹತ್ತು ಮೀಟರುಗಳನ್ನು ಮೀರುವುದಿಲ್ಲ. ಸಂಕೇತವು ವಿಶಾಲವಾದುದರಿಂದ ಅಳತೆ ನಿಖರ. ಆದರೆ ಇಡೀ ವ್ಯಾಪ್ತಿಯಲ್ಲಿ ಒಂದೇ ಸಮನಾಗಿ ವರ್ತಿಸುವ ಆಂಟೆನಾ ಮತ್ತು ವೇಗದ ವಿದ್ಯುನ್ಮಂಡಲಗಳನ್ನು ರೂಪಿಸುವುದು ಕಷ್ಟ. ನೇರ ಮಾರ್ಗವನ್ನು ಮಾನವದೇಹವೋ ಲೋಹದ ಬಾಗಿಲೋ ಮರೆಮಾಡಿದರೆ, ಗ್ರಾಹಕವು ಪ್ರತಿಫಲನವನ್ನೇ ಮೊದಲ ಸಂಕೇತವೆಂದು ಭ್ರಮಿಸಿ ದೂರವನ್ನು ಹೆಚ್ಚಾಗಿ ತೋರಿಸಬಹುದು. ಅಮೆರಿಕವು 2020ರಲ್ಲಿ 5.925ರಿಂದ 7.125 ಗಿಗಾಹರ್ಟ್ಸ್ ಪಟ್ಟಿಯನ್ನು ವೈಫೈಗೂ ತೆರೆದಿರುವುದರಿಂದ, ಅಲ್ಲಿ 5ನೆಯ ಚಾನೆಲ್ ತನಗಿಂತ ಅನೇಕ ಪಟ್ಟು ಪ್ರಬಲವಾದ ಸಂಕೇತಗಳ ನಡುವೆ ಕೆಲಸ ಮಾಡಬೇಕಾಗಿದೆ. 9ನೆಯ ಚಾನೆಲ್ ಈ ಪಟ್ಟಿಯಿಂದ ಹೊರಗಿದೆ.

ಇವನ್ನೂ ನೋಡಿ

ರೇಡಿಯೊ ತರಂಗಗಳು
ರಾಡಾರ್
ಬ್ಲೂಟೂತ್
ವೈಫೈ
ಜಿಪಿಎಸ್
ಜಗದೀಶಚಂದ್ರ ಬೋಸ್
ಭೂಕುಸಿತ